ಕಾಗದ ಸರಿ ಇದೆ, ಸರಕು ಸರಿ ಇದೆಯಾ? ಪರಿಸರದ ಕಳ್ಳಸಾಗಣೆ ಮತ್ತು ಕಸ್ಟಮ್ಸ್

ಸೂಟ್‌ಕೇಸಿನ ತಳದಲ್ಲಿ ಹೆರಾಯಿನ್ ಸಿಕ್ಕರೆ ಕಸ್ಟಮ್ಸ್ ಅಧಿಕಾರಿಗೆ ಅನುಮಾನ ಉಳಿಯುವುದಿಲ್ಲ. ಅದು ಕಳ್ಳಮಾಲು, ಮಾತು ಮುಗಿಯಿತು. ಆದರೆ ಒಂದು ಗಿಳಿ ಸಿಕ್ಕರೆ? ಒಂದು ಮರದ ದಿಮ್ಮಿ, ಒಂದು ಗ್ಯಾಸ್ ಸಿಲಿಂಡರ್, ಒಂದು ಕಂಟೇನರ್ ತುಂಬ ಹಳೇ ಪ್ಲಾಸ್ಟಿಕ್ ಸಿಕ್ಕರೆ? ಇವೆಲ್ಲ ದಿನವೂ ಕಾನೂನು ಪ್ರಕಾರವೇ ಗಡಿ ದಾಟುತ್ತವೆ. ಅದೇ ಗಿಳಿ, ಅದೇ ಸಿಲಿಂಡರ್ ಕಳ್ಳಮಾಲೂ ಆಗಿರಬಹುದು. ಎಲ್ಲಿಂದ ಬಂತು, ಯಾವ ವರ್ಷ ಬಂತು, ಯಾರ ಅನುಮತಿ ಇದೆ, ಯಾವ ಹೆಸರು ಬರೆದಿದ್ದಾರೆ ಎಂಬುದರ ಮೇಲೆ ಎಲ್ಲ ನಿಂತಿದೆ. ವಸ್ತುವನ್ನು ಸುಮ್ನೆ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಕಳ್ಳಸಾಗಣೆ ಅಂದ ತಕ್ಷಣ ನಮ್ಮ ತಲೆಗೆ ಬರುವುದು ರಾತ್ರಿಯ ದೋಣಿ, ಗುಟ್ಟಿನ ಅರೆ, ಎರಡು ತಳದ ಪೆಟ್ಟಿಗೆ. ಅವೂ ಇವೆ. ಆದರೆ ದೊಡ್ಡ ಪ್ರಮಾಣದ ಮಾಲು ಬರುವುದು ಮುಂಬಾಗಿಲಿನಿಂದಲೇ, ಕೈಯಲ್ಲಿ ಕಾಗದ ಹಿಡಿದುಕೊಂಡೇ. 2019ರಲ್ಲಿ ಸಿಂಗಪುರದಲ್ಲಿ ನಡೆದ ಮೂರು ಜಪ್ತಿಗಳನ್ನು ನೋಡಿ. ಏಪ್ರಿಲ್ ಮೊದಲ ವಾರ ಹಿಡಿದ ಕಂಟೇನರಿನ ಕಾಗದದಲ್ಲಿ ಇದ್ದದ್ದು ಶೈತ್ಯೀಕರಿಸಿದ ದನದ ಮಾಂಸ. ಒಳಗಿದ್ದದ್ದು 12.9 ಟನ್ ಚಿಪ್ಪುಹಂದಿಯ ಚಿಪ್ಪು. ಕೆಲವೇ ದಿನಕ್ಕೆ ಇನ್ನೊಂದು ಬಂತು. ಕಾಗದದಲ್ಲಿ ಕ್ಯಾಸಿಯಾ ಬೀಜ, ಒಳಗೆ ಮತ್ತೆ 12.7 ಟನ್ ಚಿಪ್ಪು. ಜುಲೈನಲ್ಲಿ ಮೂರು ಕಂಟೇನರ್ 'ಮರ' ಅಂತ ಬಂದವು. ಅವುಗಳಲ್ಲಿ 11.9 ಟನ್ ಚಿಪ್ಪು ಮತ್ತು 8.8 ಟನ್ ಆನೆದಂತ ಇತ್ತು. ಸುಮಾರು 300 ಆನೆಗಳ ದಂತ ಅದು. ಮೂರು ಸಲವೂ ಮೊದಲ ಸುಳ್ಳು ಇದ್ದದ್ದು ಕಾಗದದ ಮೇಲೆ.

ಹಾಗಾಗಿ ಈ ಕೆಲಸದಲ್ಲಿ ಕಸ್ಟಮ್ಸ್‌ನವರು ಮೊದಲು ಓದಬೇಕು, ಆಮೇಲೆ ಪೆಟ್ಟಿಗೆ ಒಡೆಯಬೇಕು.

ಕಸ್ಟಮ್ಸ್‌ನವರೇ ಯಾಕೆ?

ಕಾಡಿನಲ್ಲಿ ಬೇಟೆಗಾರನನ್ನು ಹಿಡಿಯಲು ಅರಣ್ಯ ಇಲಾಖೆ ಇದೆ. ಕಾರ್ಖಾನೆ ಕಸ ಸುರಿದರೆ ಕೇಳಲು ಮಾಲಿನ್ಯ ಮಂಡಳಿ ಇದೆ. ಆದರೆ ದಂತ ಕಾಡು ಬಿಟ್ಟು ಹೊರಟ ಮೇಲೆ, ಕಸ ಕಾರ್ಖಾನೆ ದಾಟಿದ ಮೇಲೆ ಅದು ಬರೀ ಸರಕು. ಲಕ್ಷಾಂತರ ಪೆಟ್ಟಿಗೆಗಳ ನಡುವೆ ಇನ್ನೊಂದು ಪೆಟ್ಟಿಗೆ. ಆ ಸರಕು ಕಡ್ಡಾಯವಾಗಿ ನಿಂತು, ತಾನು ಏನು, ಯಾರದು, ಎಲ್ಲಿಗೆ ಹೋಗುತ್ತಿದ್ದೇನೆ ಅಂತ ಬರೆದುಕೊಡಬೇಕಾದ ಜಾಗ ಒಂದೇ, ಗಡಿ. ಅಲ್ಲಿ ಕೂತಿರುವವರು ಕಸ್ಟಮ್ಸ್‌ನವರು. ಬೀದಿಯಲ್ಲಿ ಪೊಲೀಸರಿಗೆ ಇಲ್ಲದ ಒಂದು ಅನುಕೂಲವೂ ಅವರಿಗಿದೆ. ಗಡಿಯಲ್ಲಿ ನಿಂತ ಸರಕನ್ನು ಬಿಚ್ಚಿಸಿ ನೋಡಲು ಬಹಳಷ್ಟು ದೇಶಗಳಲ್ಲಿ ಕೋರ್ಟಿನ ವಾರಂಟ್ ಬೇಕಾಗಿಲ್ಲ.

ಇಲಾಖೆ ಹುಟ್ಟಿದ್ದು ಮಾತ್ರ ಬೇರೆ ಕೆಲಸಕ್ಕೆ. ಸುಂಕ ವಸೂಲಿ ಅದರ ಮೂಲ ಕಸುಬು. ಪರಿಸರದ ಹೊಣೆ ಬಂದು ಸೇರಿದ್ದು ಒಂದೊಂದೇ ಒಪ್ಪಂದದ ಜೊತೆಗೆ. ಕಾಡುಪ್ರಾಣಿ ಮತ್ತು ಸಸ್ಯಗಳ ವ್ಯಾಪಾರಕ್ಕೆ ಲಗಾಮು ಹಾಕುವ ಸೈಟಿಸ್ ಒಪ್ಪಂದಕ್ಕೆ 1973ರಲ್ಲಿ ಸಹಿ ಬಿತ್ತು, 1975ರಲ್ಲಿ ಜಾರಿಗೆ ಬಂತು. ಓಝೋನ್ ಪದರ ಉಳಿಸಲು 1987ರ ಮಾಂಟ್ರಿಯಲ್ ಒಪ್ಪಂದ. ಅಪಾಯಕಾರಿ ಕಸ ಗಡಿ ದಾಟುವುದನ್ನು ನಿಯಂತ್ರಿಸಲು 1989ರ ಬಾಸೆಲ್ ಒಪ್ಪಂದ. ಆಮೇಲೆ ಕೀಟನಾಶಕ ಮತ್ತು ರಾಸಾಯನಿಕಗಳಿಗೆ ರಾಟರ್‌ಡ್ಯಾಮ್, ಸ್ಟಾಕ್‌ಹೋಮ್ ಒಪ್ಪಂದಗಳು, ಪಾದರಸಕ್ಕೆ ಮಿನಮಾಟ. ಒಪ್ಪಂದಕ್ಕೆ ಸಹಿ ಹಾಕಿದವರು ಮಂತ್ರಿಗಳು. ಅದನ್ನು ಕೌಂಟರಿನಲ್ಲಿ ಜಾರಿಗೆ ತರಬೇಕಾದವರು ಸುಂಕದ ಪಟ್ಟಿ ಬಾಯಿಪಾಠ ಮಾಡಿಕೊಂಡು ಕೆಲಸಕ್ಕೆ ಸೇರಿದವರು. ಈ ಕಷ್ಟ ಅರ್ಥವಾಗಿಯೇ 2004ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ, ವಿಶ್ವ ಕಸ್ಟಮ್ಸ್ ಸಂಸ್ಥೆ, ಇಂಟರ್‌ಪೋಲ್ ಮತ್ತು ಈ ಒಪ್ಪಂದಗಳ ಕಚೇರಿಗಳು ಸೇರಿ 'ಗ್ರೀನ್ ಕಸ್ಟಮ್ಸ್' ಹೆಸರಿನಲ್ಲಿ ಒಟ್ಟಿಗೆ ತರಬೇತಿ ಕೊಡಲು ಶುರು ಮಾಡಿದವು.

ಈ ದಂಧೆ ಎಷ್ಟು ದೊಡ್ಡದು? ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಮತ್ತು ಇಂಟರ್‌ಪೋಲ್ 2016ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಪರಿಸರ ಅಪರಾಧಗಳ ಒಟ್ಟು ವಹಿವಾಟು ವರ್ಷಕ್ಕೆ 9,100 ಕೋಟಿಯಿಂದ 25,800 ಕೋಟಿ ಡಾಲರ್. ಕೆಳಗಿನ ಅಂಕಿಗೂ ಮೇಲಿನ ಅಂಕಿಗೂ ಹತ್ತಿರ ಹತ್ತಿರ ಮೂರು ಪಟ್ಟು ಅಂತರ. ನನಗೆ ಆ ಮೊತ್ತಕ್ಕಿಂತ ಈ ಅಂತರವೇ ಜಾಸ್ತಿ ಮಾತಾಡುತ್ತದೆ. ಕಣ್ಣಿಗೆ ಬೀಳದ್ದನ್ನು ಯಾರು ತಾನೇ ಎಣಿಸಿಯಾರು?

ಆರು ಅಂಕಿಯ ಸಂಖ್ಯೆ

ಗಡಿ ದಾಟುವ ಪ್ರತಿ ಸರಕಿಗೂ ಒಂದು ಸಂಖ್ಯೆ ಬೇಕು. ಎಚ್‌ಎಸ್ ಕೋಡ್ ಅಂತ ಕರೆಯುತ್ತಾರೆ. 1988ರಿಂದ ಬಳಕೆಯಲ್ಲಿರುವ ಈ ಪದ್ಧತಿಯಲ್ಲಿ 5,000ಕ್ಕೂ ಹೆಚ್ಚು ಗುಂಪುಗಳಿವೆ. ಮೊದಲ ಆರು ಅಂಕಿ ಜಗತ್ತಿಗೆಲ್ಲ ಒಂದೇ. ಆಮೇಲೆ ಬೇಕಿದ್ದರೆ ಆಯಾ ದೇಶ ತನ್ನದೇ ಅಂಕಿ ಸೇರಿಸಿಕೊಳ್ಳುತ್ತದೆ. ಸುಂಕ ಎಷ್ಟು, ಪರವಾನಗಿ ಬೇಕೋ ಬೇಡವೋ, ಕಂಪ್ಯೂಟರ್ ಕೆಂಪು ದೀಪ ಹಚ್ಚಬೇಕೋ ಬೇಡವೋ, ಎಲ್ಲ ಈ ಸಂಖ್ಯೆಯ ಮೇಲೆ ನಡೆಯುತ್ತದೆ.

ತೊಂದರೆ ಏನೆಂದರೆ ಈ ಸಂಖ್ಯೆಗಳನ್ನು ಮಾಡಿದ್ದು ವ್ಯಾಪಾರಕ್ಕಾಗಿ. ಪ್ರಕೃತಿಯ ಲೆಕ್ಕ ಅದಕ್ಕೆ ಗೊತ್ತಿಲ್ಲ. 0106.20 ಅಂದರೆ ಜೀವಂತ ಸರೀಸೃಪ, ಅಷ್ಟೆ. ಸಾಕಲು ಕೊಳ್ಳುವ ಮಾಮೂಲಿ ಹಲ್ಲಿಯೂ ಅದರಲ್ಲೇ, ಅಳಿವಿನ ಅಂಚಿನ ಆಮೆಯೂ ಅದರಲ್ಲೇ. ಸೈಟಿಸ್ ಪಟ್ಟಿಯಲ್ಲಿ ಸುಮಾರು 40,000 ಜಾತಿಯ ಪ್ರಾಣಿ, ಸಸ್ಯಗಳಿವೆ. ಅಷ್ಟಕ್ಕೂ ಬೇರೆ ಬೇರೆ ಸಂಖ್ಯೆ ಕೊಡುವುದು ಆಗದ ಮಾತು. ಹಾಗಾಗಿ ಕೋಡ್ ನೋಡಿದ ಮೇಲೂ ಅಧಿಕಾರಿ 'ಇದು ಯಾವ ಆಮೆ?' ಅಂತ ಕೇಳಲೇಬೇಕು.

ಕೆಲವೆಡೆ ಪಟ್ಟಿಯನ್ನು ತಿದ್ದಿದ್ದಾರೆ, ಆದರೆ ನಿಧಾನವಾಗಿ. ಫ್ರಿಜ್, ಎಸಿಗಳಲ್ಲಿ ಬಳಸುವ ಎಚ್‌ಎಫ್‌ಸಿ ಅನಿಲಗಳನ್ನು ಕಡಿಮೆ ಮಾಡಬೇಕು ಅಂತ 2016ರಲ್ಲಿ ಕಿಗಾಲಿಯಲ್ಲಿ ದೇಶಗಳು ಒಪ್ಪಿದವು. ಆ ಅನಿಲಗಳಿಗೆ ಎಚ್‌ಎಸ್ ಪಟ್ಟಿಯಲ್ಲಿ ಬಿಡಿಬಿಡಿಯಾದ ಸಂಖ್ಯೆ ಸಿಕ್ಕಿದ್ದು 2022ರಲ್ಲಿ. ಅಲ್ಲಿಯವರೆಗೆ ಅವೆಲ್ಲ 'ಇತರೆ' ಎಂಬ ಒಂದೇ ಗುಂಪಿನಲ್ಲಿ ಬಿದ್ದಿದ್ದವು. ಇ-ತ್ಯಾಜ್ಯಕ್ಕೆ 8549 ಎಂಬ ಸ್ವಂತ ಶೀರ್ಷಿಕೆ ಬಂದದ್ದೂ 2022ರಲ್ಲೇ. ಒಂದು ಸರಕಿಗೆ ಸಂಖ್ಯೆಯೇ ಇಲ್ಲದಿದ್ದರೆ ಅದು ಎಷ್ಟು ಬಂತು, ಎಷ್ಟು ಹೋಯಿತು ಅಂತ ಲೆಕ್ಕ ಇಡುವುದಾದರೂ ಹೇಗೆ?

ಸಿಲಿಂಡರಿನ ಒಳಗೆ ಏನಿದೆ?

ಅನಿಲದ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಆನೆದಂತದ ಬಗ್ಗೆ ಎಲ್ಲರಿಗೂ ಗೊತ್ತು. ಇದರ ಬಗ್ಗೆ ಗೊತ್ತಿರುವವರು ಕಡಿಮೆ.

ಫ್ರಿಜ್, ಎಸಿಗಳಲ್ಲಿ ಬಳಸುತ್ತಿದ್ದ, ಓಝೋನ್ ಪದರ ಹಾಳು ಮಾಡುವ ಸಿಎಫ್‌ಸಿ ಅನಿಲಗಳ ತಯಾರಿಕೆಯನ್ನು ಮಾಂಟ್ರಿಯಲ್ ಒಪ್ಪಂದದಡಿ ಶ್ರೀಮಂತ ದೇಶಗಳು 1996ರ ಹೊತ್ತಿಗೆ ನಿಲ್ಲಿಸಬೇಕಿತ್ತು. ಅಭಿವೃದ್ಧಿಶೀಲ ದೇಶಗಳಿಗೆ 2010ರವರೆಗೆ ಸಮಯ ಇತ್ತು. ಇದು ನ್ಯಾಯವಾದ ಏರ್ಪಾಡೇ. ಆದರೆ ಇದರಿಂದಾಗಿ 14 ವರ್ಷ ಒಂದೇ ಅನಿಲ ಒಂದು ಕಡೆ ಅಗ್ಗದ ಮಾಲು, ಇನ್ನೊಂದು ಕಡೆ ನಿಷೇಧಿತ ಮಾಲು ಆಗಿತ್ತು. ಹಳೇ ಕಾರು, ಹಳೇ ಫ್ರಿಜ್‌ಗಳಿಗೆ ಅದು ಬೇಕೇ ಬೇಕಿತ್ತು. ಬೆಲೆಯ ಅಂತರ ಇದ್ದ ಕಡೆ ಕಳ್ಳಸಾಗಣೆ ಹುಟ್ಟದೆ ಇರುತ್ತದೆಯೇ? 1990ರ ದಶಕದಲ್ಲಿ ಅಮೆರಿಕ ಮತ್ತು ಯುರೋಪಿನ ಬಂದರುಗಳಲ್ಲಿ ಇದು ದೊಡ್ಡ ದಂಧೆಯೇ ಆಯಿತು.

ಸಾಗಿಸುವ ಉಪಾಯಗಳೂ ಒಂದೆರಡಲ್ಲ. ಬಳಸಿ ಶುದ್ಧ ಮಾಡಿದ ಅನಿಲದ ವ್ಯಾಪಾರಕ್ಕೆ ಅವಕಾಶ ಇದ್ದುದರಿಂದ ಹೊಸ ಅನಿಲಕ್ಕೆ 'ಹಳೆಯದು' ಅಂತ ಚೀಟಿ ಹಚ್ಚುವುದು ಒಂದು. ಬೇರೆ ದೇಶಕ್ಕೆ ಹೋಗುವ ಸರಕು ಅಂತ ಇಳಿಸಿ, ದಾರಿಯಲ್ಲೇ ಮಾಯ ಮಾಡುವುದು ಇನ್ನೊಂದು. ತೀರಾ ಸರಳವಾದದ್ದು ಹೆಸರು ಬದಲಾಯಿಸುವುದು. ನಿಯಂತ್ರಣ ಇರುವ ಆರ್-22 ಎಂಬ ಎಸಿ ಅನಿಲ ತುಂಬಿದ ಸಿಲಿಂಡರಿಗೆ ಬೇರೆ ಅನಿಲದ ಬಣ್ಣ ಬಳಿದು, ಬೇರೆ ಲೇಬಲ್ ಅಂಟಿಸಿದರೆ ಆಯಿತು. ಅನಿಲಕ್ಕೆ ಬಣ್ಣವಿಲ್ಲ. ಹೊರಗಿನಿಂದ ನೋಡಿ ಹೇಳಲು ಯಾವ ಅಧಿಕಾರಿಗೂ ಸಾಧ್ಯವಿಲ್ಲ.

ಇದಕ್ಕಾಗಿ ಒಂದು ಸಣ್ಣ ಯಂತ್ರ ಇದೆ. ಕೈಯಲ್ಲಿ ಹಿಡಿದು ಹೋಗಬಹುದಾದ ಪೆಟ್ಟಿಗೆ. ಅದರ ಕೊಳವೆಯನ್ನು ಸಿಲಿಂಡರಿನ ವಾಲ್ವ್‌ಗೆ ಸಿಕ್ಕಿಸಿದರೆ ಚೂರು ಅನಿಲ ಎಳೆದುಕೊಂಡು, ಕೆಲವೇ ನಿಮಿಷದಲ್ಲಿ ಯಾವ ಅನಿಲ ಶೇಕಡ ಎಷ್ಟಿದೆ ಅಂತ ಪರದೆಯ ಮೇಲೆ ತೋರಿಸುತ್ತದೆ. ಇಷ್ಟೇ. ಆದರೆ ಈ ಯಂತ್ರ ಇರುವ ಗಡಿಗೂ ಇಲ್ಲದ ಗಡಿಗೂ ಅಜಗಜಾಂತರ. ಕೆಲವೊಮ್ಮೆ ಯಂತ್ರವೂ ಬೇಡ. ಎಚ್‌ಎಫ್‌ಸಿ ತುಂಬಿದ, ಒಮ್ಮೆ ಬಳಸಿ ಬಿಸಾಡುವ ಸಿಲಿಂಡರುಗಳನ್ನು ಮಾರುಕಟ್ಟೆಗೆ ತರುವುದನ್ನು ಯುರೋಪಿಯನ್ ಒಕ್ಕೂಟ 2007ರಲ್ಲೇ ನಿಷೇಧಿಸಿದೆ. ಅಲ್ಲಿ ಅಂಥ ಸಿಲಿಂಡರ್ ಕಣ್ಣಿಗೆ ಬಿತ್ತು ಅಂದರೆ ಒಳಗಿನದ್ದನ್ನು ಅಳೆಯುವ ಮೊದಲೇ ಅಧಿಕಾರಿಗೆ ಸುಳಿವು ಸಿಕ್ಕಂತೆ.

ಸುಳ್ಳು ಲೇಬಲ್‌ನಿಂದ ಹಾಳಾಗುವುದು ಓಝೋನ್ ಪದರ ಮಾತ್ರ ಅಲ್ಲ. 2011ರಲ್ಲಿ ಹಡಗಿನ ಶೈತ್ಯ ಕಂಟೇನರುಗಳು ಬಂದರಿನ ಯಾರ್ಡ್‌ಗಳಲ್ಲಿ ಸಿಡಿದು ಕೆಲಸಗಾರರು ಸತ್ತರು. ತನಿಖೆ ಮಾಡಿದಾಗ ಗೊತ್ತಾಯಿತು: ಆರ್-134ಎ (ಇದೊಂದು ಎಚ್‌ಎಫ್‌ಸಿ) ಅಂತ ಮಾರಿದ ನಕಲಿ ಅನಿಲದಲ್ಲಿ ಮೀಥೈಲ್ ಕ್ಲೋರೈಡ್ ಬೆರೆಸಿದ್ದರು. ಅದು ಯಂತ್ರದೊಳಗಿನ ಅಲ್ಯೂಮಿನಿಯಂ ಜೊತೆ ಸೇರಿ, ಗಾಳಿ ತಾಕಿದರೆ ತಾನಾಗಿ ಹೊತ್ತಿಕೊಳ್ಳುವ ವಸ್ತುವಾಗಿತ್ತು.

ಈಗಿನ ಸರದಿ ಎಚ್‌ಎಫ್‌ಸಿಯದು. ಇವು ಓಝೋನಿಗೆ ಹಾನಿ ಮಾಡುವುದಿಲ್ಲ, ಭೂಮಿಯನ್ನು ಬಿಸಿ ಮಾಡುತ್ತವೆ. ಒಂದು ಕಿಲೋ ಆರ್-134ಎ ಗಾಳಿಗೆ ಸೇರಿದರೆ 1,430 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ ಅಂತ ಒಪ್ಪಂದದ ಲೆಕ್ಕ. ಮಾಮೂಲಿ ಸಿಲಿಂಡರಿನಲ್ಲಿ 13.6 ಕಿಲೋ ಇರುತ್ತದೆ. ಗುಣಿಸಿದರೆ ಒಂದು ಸಿಲಿಂಡರಿಗೆ 19 ಟನ್ ದಾಟುತ್ತದೆ. 2024ರ ಮಾರ್ಚ್‌ನಲ್ಲಿ ಅಮೆರಿಕ ಈ ಅನಿಲಗಳ ಕಳ್ಳಸಾಗಣೆಗಾಗಿ ಮೊದಲ ಸಲ ಒಬ್ಬನನ್ನು ಬಂಧಿಸಿ ಮೊಕದ್ದಮೆ ಹೂಡಿತು. ಮೆಕ್ಸಿಕೋದಿಂದ ಗಾಡಿಯಲ್ಲಿ ಟಾರ್ಪಾಲು, ಸಾಮಾನುಗಳ ಕೆಳಗೆ ಮುಚ್ಚಿಟ್ಟು ತಂದಿದ್ದ ಎಂಬುದು ಆರೋಪವಾಗಿತ್ತು. ಹೊಸ ನಿಷೇಧ, ಹಳೇ ಉಪಾಯ.

ಕಸಕ್ಕೆ ತಲೆಕೆಳಗಾದ ಲೆಕ್ಕ

ಬೇರೆಲ್ಲ ಕಳ್ಳಮಾಲಿನಲ್ಲಿ ಲಾಭ ಇರುವುದು ಮಾಲು ತಲುಪುವ ಕಡೆ. ಕಸದಲ್ಲಿ ಲಾಭ ಇರುವುದು ಹೊರಡುವ ಕಡೆ. ಸರಿಯಾಗಿ ವಿಲೇವಾರಿ ಮಾಡಲು ತುಂಬಾ ಖರ್ಚು. ಹಡಗು ಹತ್ತಿಸಿ ಕಳಿಸಿಬಿಟ್ಟರೆ ಆ ಖರ್ಚು ಉಳಿಯಿತು. ಸುಂಕಕ್ಕಾಗಿ ಆಮದನ್ನೇ ನೋಡಿ ಅಭ್ಯಾಸವಾದ ಕಸ್ಟಮ್ಸ್ ಇಲಾಖೆ ಇಲ್ಲಿ ರಫ್ತಿನ ಮೇಲೆ ಕಣ್ಣಿಡಬೇಕಾಗುತ್ತದೆ. ರಫ್ತಿಗೆ ಸಾಮಾನ್ಯವಾಗಿ ಸುಂಕ ಇಲ್ಲ, ಹಾಗಾಗಿ ತಪಾಸಣೆಯೂ ಸಡಿಲ. ಈ ದಂಧೆ ಬದುಕಿರುವುದೇ ಈ ಸಡಿಲಿನಲ್ಲಿ ಅಂತ ನನ್ನ ಅಭಿಪ್ರಾಯ.

ಬಾಸೆಲ್ ಒಪ್ಪಂದ ಹುಟ್ಟಿದ್ದಕ್ಕೆ ಒಂದು ಹಡಗೂ ಕಾರಣ. 1986ರಲ್ಲಿ 'ಖಿಯಾನ್ ಸೀ' ಎಂಬ ಹಡಗು ಅಮೆರಿಕದ ಫಿಲಡೆಲ್ಫಿಯಾದಿಂದ ಸುಮಾರು 14,000 ಟನ್ ಬೂದಿ ತುಂಬಿಕೊಂಡು ಹೊರಟಿತು. ಊರಿನ ಕಸ ಸುಟ್ಟ ಬೂದಿ. ದೇಶದಿಂದ ದೇಶಕ್ಕೆ ಅಲೆದರೂ ಯಾರೂ ಇಳಿಸಿಕೊಳ್ಳಲಿಲ್ಲ. ಕೊನೆಗೆ ಹೈಟಿಯಲ್ಲಿ 'ಗೊಬ್ಬರ' ಅಂತ ಹೇಳಿ ಸುಮಾರು 4,000 ಟನ್ ಸುರಿದು ಹೋದರು. ಹಡಗು ಹೆಸರು ಬದಲಾಯಿಸಿಕೊಂಡು ಇನ್ನಷ್ಟು ಅಲೆಯಿತು. ಉಳಿದ ಬೂದಿ ಸಮುದ್ರದ ಪಾಲಾಯಿತು. ಈಗಿನ ನಿಯಮ ಸರಳ: ಅಪಾಯಕಾರಿ ಕಸ ಕಳಿಸುವ ಮೊದಲು ತಗೊಳ್ಳುವ ದೇಶಕ್ಕೂ ನಡುವಿನ ದೇಶಗಳಿಗೂ ತಿಳಿಸಿ, ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಬೇಕು. 2021ರಿಂದ ಕೊಳಕಾದ, ಬೆರಕೆಯಾದ ಪ್ಲಾಸ್ಟಿಕ್ ಕಸಕ್ಕೂ, 2025ರಿಂದ ಎಲ್ಲ ಬಗೆಯ ಇ-ತ್ಯಾಜ್ಯಕ್ಕೂ ಇದೇ ನಿಯಮ.

ಹಾಗಾದರೆ ಕಸವನ್ನು 'ಕಸ' ಅಲ್ಲ ಅಂದರೆ ಆಯಿತಲ್ವಾ? ಅದನ್ನೇ ಮಾಡುತ್ತಾರೆ. ಕೆಟ್ಟ ಟಿವಿ, ಕಂಪ್ಯೂಟರುಗಳನ್ನು 'ಸೆಕೆಂಡ್ ಹ್ಯಾಂಡ್', 'ರಿಪೇರಿಗೆ' ಅಂತ ಬರೆಯುತ್ತಾರೆ. ಇಲ್ಲಿ ಅಧಿಕಾರಿಗೆ ರಸಾಯನಶಾಸ್ತ್ರ ಬೇಡ, ಲೋಕಜ್ಞಾನ ಸಾಕು. ಕಂಟೇನರಿನ ಬಾಗಿಲು ತೆಗೆದಾಗ ಟಿವಿಗಳು ಒಂದೊಂದೂ ಸುತ್ತಿ, ನಡುವೆ ರಟ್ಟು ಇಟ್ಟು ಜೋಡಿಸಿದ್ದಾರಾ, ಇಲ್ಲ ಒಂದರ ಮೇಲೊಂದು ಎಸೆದಿದ್ದಾರಾ? ಪರದೆ ಒಡೆದಿದೆಯಾ? ವೈರು ಕತ್ತರಿಸಿದ್ದಾರಾ? ಫ್ರಿಜ್‌ಗೆ ಕಂಪ್ರೆಸರ್ ಇದೆಯಾ? ಪ್ರತಿಯೊಂದನ್ನೂ ಚಾಲೂ ಮಾಡಿ ಪರೀಕ್ಷಿಸಿದ ವರದಿ ಜೊತೆಗಿದೆಯಾ? ಮರುಮಾರಾಟ ಮಾಡುವ ಉದ್ದೇಶ ಇದ್ದವನು ಮಾಲನ್ನು ಗುಜರಿಯಂತೆ ತುಂಬುವುದಿಲ್ಲ.

ಒಮ್ಮೆ ಗಡಿ ದಾಟಿಬಿಟ್ಟರೆ ವಾಪಸ್ ಕಳಿಸುವುದು ಎಷ್ಟು ಕಷ್ಟ ಅನ್ನುವುದಕ್ಕೆ ಫಿಲಿಪ್ಪೀನ್ಸ್ ಸಾಕ್ಷಿ. 2013 ಮತ್ತು 2014ರಲ್ಲಿ ಕೆನಡಾದಿಂದ ಮರುಬಳಕೆಯ ಪ್ಲಾಸ್ಟಿಕ್ ಅಂತ 103 ಕಂಟೇನರ್ ಅಲ್ಲಿಗೆ ಬಂದವು. ತೆರೆದರೆ ಮನೆಗಳ ಕಸ, ಬಳಸಿದ ಡೈಪರುಗಳೂ ಇದ್ದವು. ಕೋರ್ಟು, ರಾಯಭಾರಿಗಳ ಜಗಳ ಎಲ್ಲ ಮುಗಿದು 69 ಕಂಟೇನರ್ ವಾಪಸ್ ಹಡಗು ಹತ್ತಿದ್ದು 2019ರ ಮೇ 31ಕ್ಕೆ. ಉಳಿದವು ಅಷ್ಟರಲ್ಲಿ ಅಲ್ಲೇ ಖಾಲಿಯಾಗಿದ್ದವು.

ಪರ್ಮಿಟ್ ಅಸಲಿ, ಪ್ರಾಣಿ?

ಇನ್ನು ಕಾಡುಜೀವಿಗಳ ವಿಷಯ. ಸೈಟಿಸ್ ಪಟ್ಟಿಯಲ್ಲಿ ಮೂರು ಭಾಗ. ಮೊದಲನೆಯದರಲ್ಲಿ ಇರುವ ಜಾತಿಗಳನ್ನು ಕಾಡಿನಿಂದ ಹಿಡಿದು ವ್ಯಾಪಾರಕ್ಕೆ ತರುವಂತಿಲ್ಲ. ಚಿಪ್ಪುಹಂದಿಯ ಎಲ್ಲ ಜಾತಿಗಳೂ 2017ರಿಂದ ಇದರಲ್ಲಿವೆ. ಎರಡನೆಯದರಲ್ಲಿ ಇದ್ದರೆ ವ್ಯಾಪಾರ ಮಾಡಬಹುದು, ಆದರೆ ರಫ್ತಿನ ಪರ್ಮಿಟ್ ಬೇಕು. ಮೂರನೆಯದು ಯಾವುದಾದರೂ ಒಂದು ದೇಶ ತನ್ನಲ್ಲಿನ ಜಾತಿಗಾಗಿ ಬೇರೆಯವರ ಸಹಾಯ ಕೇಳಿದ್ದು.

ಪರ್ಮಿಟ್ ಓದುವುದೇ ಒಂದು ಕೈಚಳಕ. ಆರು ತಿಂಗಳು ಮೀರಿದ ರಫ್ತು ಪರ್ಮಿಟ್ ನಡೆಯುವುದಿಲ್ಲ. ಹೆಸರು ವೈಜ್ಞಾನಿಕವಾಗಿರಬೇಕು, ಬರೀ 'ಆಮೆ' ಅಂದರೆ ಸಾಲದು. ಎಲ್ಲಕ್ಕಿಂತ ಮುಖ್ಯವಾದ ಜಾಗ ಪರ್ಮಿಟ್ಟಿನ ಕೆಳಗೆ ಇರುತ್ತದೆ. ಸರಕು ಹೊರಡುವಾಗ ನಿಜವಾಗಿ ಎಷ್ಟು ಹೋಯಿತು ಅಂತ ಅಧಿಕಾರಿ ಅಲ್ಲಿ ಬರೆದು, ಸಹಿ ಮಾಡಿ, ಮೊಹರು ಒತ್ತಬೇಕು. 100 ಪ್ರಾಣಿಗೆ ಪರ್ಮಿಟ್ ಇದೆ, ಇವತ್ತು 20 ಹೋಗುತ್ತಿದೆ ಅಂದುಕೊಳ್ಳಿ. ಆ ಖಾನೆ ಖಾಲಿ ಬಿಟ್ಟರೆ ಉಳಿದ 80ರ ಜಾಗಕ್ಕೆ ಕಾಡಿನಿಂದ ಕದ್ದ 80 ಸುಲಭವಾಗಿ ಸೇರಿಕೊಳ್ಳಬಹುದು. ಅರ್ಧ ನಿಮಿಷದ ಕೆಲಸ ಅದು. ಸೋಮಾರಿತನಕ್ಕೆ ಇಷ್ಟು ದೊಡ್ಡ ಬೆಲೆ ಇರುವ ಖಾನೆಗಳು ಸರ್ಕಾರಿ ಕಾಗದಗಳಲ್ಲಿ ಕಡಿಮೆ.

ಇನ್ನೊಂದು ಮೋಸ 'ಸಾಕಣೆ ಕೇಂದ್ರದಲ್ಲಿ ಹುಟ್ಟಿದ್ದು' ಎಂಬ ಸುಳ್ಳು. ಕಾಡಿನಿಂದ ಹಿಡಿದ ಪ್ರಾಣಿಗೆ ಹೀಗೆ ಜನ್ಮಪತ್ರ ಬರೆದುಕೊಡುತ್ತಾರೆ. ಇದನ್ನು ಪತ್ತೆ ಹಚ್ಚಲು ಪ್ರಾಣಿಯನ್ನೇ ನೋಡಬೇಕು. ಒಂದೇ ಕಡೆ ಹುಟ್ಟಿ ಬೆಳೆದ ಹಾವು, ಹಲ್ಲಿಗಳ ಗಾತ್ರ ಸಾಮಾನ್ಯವಾಗಿ ಒಂದೇ ತರಹ ಇರುತ್ತದೆ. ಮೈಮೇಲೆ ರಕ್ತ ಹೀರುವ ಉಣ್ಣೆ ಹುಳ, ಹಳೇ ಗಾಯದ ಕಲೆ, ತುಂಡಾದ ಬಾಲ ಕಂಡರೆ ಅದು ಕಾಡಿನಲ್ಲಿ ಬದುಕಿದ್ದಿರಬಹುದು. ಹಕ್ಕಿಗಳಿಗೆ ಒಂದು ಚಂದದ ಉಪಾಯ ಇದೆ. ಮರಿ ಕೆಲವೇ ದಿನದ್ದಾಗಿರುವಾಗ ಕಾಲಿಗೆ ಜೋಡಣೆಯೇ ಇಲ್ಲದ ಲೋಹದ ಉಂಗುರ ತೊಡಿಸುತ್ತಾರೆ. ಕಾಲು ಬೆಳೆದ ಮೇಲೆ ಅದನ್ನು ತೆಗೆಯಲೂ ಆಗುವುದಿಲ್ಲ, ಹಾಕಲೂ ಆಗುವುದಿಲ್ಲ. ಹಾಗಾಗಿ ಉಂಗುರದಲ್ಲಿ ಕತ್ತರಿಸಿ ಅಂಟಿಸಿದ ಗುರುತು ಇದೆಯಾ, ಅಳತೆಗಿಂತ ಸಡಿಲ ಇದೆಯಾ ಅಂತ ನೋಡಿದರೆ ಅರ್ಧ ಕಥೆ ಗೊತ್ತಾಗುತ್ತದೆ.

ದಂತದ ವಿಷಯದಲ್ಲಿ ಮೋಸ ಇನ್ನೂ ಸ್ವಾರಸ್ಯ. ಸಾವಿರಾರು ವರ್ಷದ ಹಿಂದೆ ಅಳಿದುಹೋದ, ಆನೆಯ ಬಂಧುಗಳಾದ ಮ್ಯಾಮತ್‌ಗಳ ದಂತ ಉತ್ತರದ ಹಿಮದಡಿ ಸಿಗುತ್ತದೆ. ಮ್ಯಾಮತ್ ಸೈಟಿಸ್ ಪಟ್ಟಿಯಲ್ಲಿಲ್ಲ, ಹಾಗಾಗಿ ಆನೆದಂತಕ್ಕೆ ಮ್ಯಾಮತ್ ಹೆಸರು ಹಚ್ಚುತ್ತಾರೆ. ಕೆತ್ತಿದ ಮೇಲೆ ಎರಡೂ ಒಂದೇ ತರಹ ಕಾಣುತ್ತವೆ. ಆದರೆ ಅಡ್ಡ ಕುಯ್ದ ಮೈಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಒಂದನ್ನೊಂದು ದಾಟುವ ಸಣ್ಣ ಗೆರೆಗಳು ಕಾಣುತ್ತವೆ. ಹೊರ ಅಂಚಿನ ಹತ್ತಿರ ಆ ಗೆರೆಗಳ ನಡುವಿನ ಕೋನ ಅಳೆಯಬೇಕು. 115 ಡಿಗ್ರಿಗಿಂತ ಜಾಸ್ತಿ ಇದ್ದರೆ ಆನೆ, 90ಕ್ಕಿಂತ ಕಡಿಮೆ ಇದ್ದರೆ ಮ್ಯಾಮತ್. ನಡುವೆ ಬಂದರೆ ಹಲವು ಕೋನ ಅಳೆದು ಸರಾಸರಿ ನೋಡುತ್ತಾರೆ. ಮಣ್ಣಿನಲ್ಲಿದ್ದ ಮ್ಯಾಮತ್ ದಂತದ ಮೇಲೆ ಕೆಲವೊಮ್ಮೆ ನೀಲಿಹಸಿರು ಕಲೆ ಇರುತ್ತದೆ, ಅತಿನೇರಳೆ ಬೆಳಕಿನಲ್ಲಿ ಅದು ನೇರಳೆ ಬಣ್ಣದಲ್ಲಿ ಎದ್ದು ಕಾಣುತ್ತದೆ. ಒಂದು ಭೂತಗನ್ನಡಿ, ಒಂದು ಕೋನಮಾಪಕ. ಶಾಲೆಯ ಕಂಪಾಸ್ ಪೆಟ್ಟಿಗೆಯಷ್ಟೇ ಸಾಮಾನು.

ಮೂಗಿಗೂ ಕೆಲಸ ಇದೆ. ನಾಯಿಗಳು ಬಹಳ ಕಾಲದಿಂದ ಈ ಕೆಲಸದಲ್ಲಿವೆ. ಟಾಂಜಾನಿಯಾದಲ್ಲಿ ಅಪೊಪೊ ಎಂಬ ಸಂಸ್ಥೆ ದೊಡ್ಡ ಜಾತಿಯ ಇಲಿಗಳಿಗೂ ತರಬೇತಿ ಕೊಟ್ಟಿದೆ. 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಇಲಿಗಳು ಚಿಪ್ಪುಹಂದಿಯ ಚಿಪ್ಪು, ದಂತ, ಖಡ್ಗಮೃಗದ ಕೊಂಬನ್ನು ಬೇರೆ ವಾಸನೆಗಳ ನಡುವೆಯೂ ಗುರುತಿಸಿದವು. ಅವಕ್ಕೆ ಪುಟ್ಟ ಕೆಂಪು ಅಂಗಿ ತೊಡಿಸುತ್ತಾರೆ. ವಾಸನೆ ಸಿಕ್ಕರೆ ಎದೆಯ ಮೇಲಿನ ಉಂಡೆಯನ್ನು ಇಲಿ ಎಳೆಯುತ್ತದೆ, ಬೀಪ್ ಅನ್ನುತ್ತದೆ. ನಾಯಿ ನುಗ್ಗಲಾಗದ ಸಂದಿಗೆ ಇಲಿ ನುಗ್ಗುತ್ತದೆ ಎಂಬುದು ಲೆಕ್ಕಾಚಾರ.

ಯಾವ ಪೆಟ್ಟಿಗೆ ತೆರೆಯಬೇಕು?

ಇಷ್ಟೆಲ್ಲ ವಿದ್ಯೆ ಇದ್ದರೂ ಪೆಟ್ಟಿಗೆ ತೆರೆದರೆ ತಾನೇ ಉಪಯೋಗ? ಜಗತ್ತಿನಲ್ಲಿ ಓಡಾಡುವ ಕಂಟೇನರುಗಳಲ್ಲಿ ತಪಾಸಣೆಗೆ ಸಿಗುವುದು ಶೇ. 2ಕ್ಕಿಂತ ಕಡಿಮೆ ಅಂತ ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿ ಹೇಳುತ್ತದೆ. ಎಲ್ಲವನ್ನೂ ತೆರೆಯಲು ಹೊರಟರೆ ಬಂದರೇ ನಿಂತುಹೋಗುತ್ತದೆ. ಹಾಗಾಗಿ ಹಡಗು ಬರುವ ಮೊದಲೇ ಕಾಗದ ತರಿಸಿಕೊಂಡು, ಅನುಮಾನ ಬಂದದ್ದನ್ನು ಆರಿಸುತ್ತಾರೆ.

ಅನುಮಾನ ಬರುವುದು ಹೇಗೆ? ಕಡಿಮೆ ಬೆಲೆಯ ಮಾಲಿಗೆ ಅದಕ್ಕಿಂತ ಜಾಸ್ತಿ ಸಾಗಣೆ ಖರ್ಚು ಮಾಡುವ ವ್ಯಾಪಾರಿಯನ್ನು ಯಾರು ನಂಬುತ್ತಾರೆ? ನಿನ್ನೆ ಮೊನ್ನೆ ಹುಟ್ಟಿದ ಕಂಪನಿ, ನೇರ ದಾರಿ ಬಿಟ್ಟು ಮೂರು ಬಂದರು ಸುತ್ತಿ ಬರುವ ಸರಕು, ಹಡಗು ಹೊರಟ ಮೇಲೆ ಬದಲಾದ ವಿಳಾಸ, ಆ ದೇಶದಲ್ಲಿ ಬೆಳೆಯದ ವಸ್ತುವಿನ ರಫ್ತು, ಹೇಳಿದ ಮಾಲಿಗೆ ಹೊಂದದ ತೂಕ. ಒಂದೊಂದೇ ನೋಡಿದರೆ ಏನೂ ಅಲ್ಲ. ನಾಲ್ಕು ಒಟ್ಟಿಗೆ ಬಂದರೆ ಎಕ್ಸ್-ರೇಗೆ ಕಳಿಸುತ್ತಾರೆ.

ವಿಮಾನ ನಿಲ್ದಾಣದ ಲೆಕ್ಕ ಬೇರೆ. ಅಲ್ಲಿ ಮಾಲು ಚಿಕ್ಕದು, ಬೆಲೆ ದೊಡ್ಡದು. ಯುರೋಪಿನ ಹಾವುಮೀನಿನ ಗಾಜಿನಂಥ ಮರಿಗಳನ್ನು ನೀರು, ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಸೂಟ್‌ಕೇಸಿನಲ್ಲಿ ಏಷ್ಯಾಕ್ಕೆ ಒಯ್ಯುತ್ತಾರೆ. ಈ ಮೀನಿನ ಸಾಕಣೆ ಕೆರೆಗಳು ಇವತ್ತಿಗೂ ಕಾಡು ಮರಿಗಳನ್ನೇ ನಂಬಿವೆ. ಯುರೋಪಿಯನ್ ಒಕ್ಕೂಟ 2010ರ ಕೊನೆಯಿಂದ ಹೊರದೇಶಕ್ಕೆ ಇವುಗಳ ರಫ್ತನ್ನೇ ನಿಲ್ಲಿಸಿದೆ.

ಹಿಡಿದ ಮಾಲೂ ಮಾತಾಡುತ್ತದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ವಾಸರ್ ಮತ್ತು ಅವರ ತಂಡ ಜಪ್ತಿಯಾದ ದಂತಗಳ ಡಿಎನ್‌ಎ ನೋಡಿದರು. ಒಂದೇ ಆನೆಯ ಎಡ ದಂತ ಒಂದು ಜಪ್ತಿಯಲ್ಲಿ, ಬಲ ದಂತ ಇನ್ನೊಂದರಲ್ಲಿ ಸಿಕ್ಕಿತು. ಅಂದರೆ ಬೇರೆ ಬೇರೆ ಅಂದುಕೊಂಡಿದ್ದ ಎರಡು ಸರಕೂ ಒಂದೇ ಕೈಯಿಂದ ಹೊರಟದ್ದು. 2022ರಲ್ಲಿ ಅವರು 49 ಜಪ್ತಿಗಳ 4,320 ದಂತಗಳನ್ನು ಹೀಗೆ ಜೋಡಿಸಿ, ಅಪ್ಪ-ಮಗ, ಅಣ್ಣ-ತಮ್ಮ ಆನೆಗಳನ್ನೂ ಗುರುತಿಸಿ, ಹಿಂದೆ ಇದ್ದ ಜಾಲಗಳು ಕೆಲವೇ ಕೆಲವು ಅಂತ ತೋರಿಸಿದರು. ಜಪ್ತಿ ಮಾಡಿದ ದಿನ ಅಧಿಕಾರಿಗಳು ಮಾದರಿ ತೆಗೆದಿಡದೆ ಇದ್ದಿದ್ದರೆ ಇದು ಸಾಧ್ಯವೇ ಇರಲಿಲ್ಲ.

ಹಿಡಿದ ಮೇಲೆ

ಹಿಡಿದದ್ದೆಲ್ಲ ಶಿಕ್ಷೆಯಲ್ಲಿ ಮುಗಿಯುವುದಿಲ್ಲ. 2014ರಲ್ಲಿ ಸಿಂಗಪುರದಲ್ಲಿ ಮಡಗಾಸ್ಕರ್‌ನ ಬೀಟೆ ಮರದ ಸುಮಾರು 30,000 ದಿಮ್ಮಿ ಸಿಕ್ಕವು. ಅಷ್ಟು ದೊಡ್ಡ ಜಪ್ತಿ. ಐದು ವರ್ಷ ಕೇಸು ನಡೆಯಿತು. 2019ರಲ್ಲಿ ಅಲ್ಲಿನ ಮೇಲಿನ ಕೋರ್ಟು ಆರೋಪಿಗಳನ್ನು ಬಿಟ್ಟಿತು. ಮರ ಸಿಂಗಪುರಕ್ಕೆ ಆಮದಾಗಿರಲಿಲ್ಲ, ಬೇರೆ ಕಡೆಗೆ ಹೋಗುವ ದಾರಿಯಲ್ಲಿತ್ತು ಎಂಬ ವಾದ ಗೆದ್ದಿತು. 'ದಾರಿಯಲ್ಲಿರುವ ಸರಕು' ಎಂಬ ಈ ಸಂದಿ ಹಲವು ದೇಶಗಳ ಕಾನೂನಿನಲ್ಲಿದೆ. ಮುಕ್ತ ವ್ಯಾಪಾರ ವಲಯಗಳಲ್ಲಿ ಪೆಟ್ಟಿಗೆ ಬದಲಾಯಿಸಿ, ಹೊಸ ಕಾಗದ ಹುಟ್ಟಿಸುವವರಿಗೆ ಇದೇ ಆಸರೆ. ಲಂಚದ ವಿಷಯ ಬೇರೆ ಹೇಳಬೇಕೇ? ಮೊಹರು ಒತ್ತುವ ಕೈಯೇ ಕೊಳ್ಳಲು ಸಿಕ್ಕರೆ ಕಳ್ಳನಿಗೆ ಎರಡು ತಳದ ಪೆಟ್ಟಿಗೆ ಯಾಕೆ ಬೇಕು?

ಮಾಲಿನ ಗತಿ ಇನ್ನೊಂದು ತಲೆನೋವು. ಚಿನ್ನ ಹಿಡಿದರೆ ಲಾಕರಿಗೆ ಹಾಕಬಹುದು. 500 ಆಮೆ ಹಿಡಿದರೆ ರಾತ್ರಿ ಅವುಗಳಿಗೆ ನೀರು ಯಾರು ಕೊಡಬೇಕು? ಅನಿಲದ ಸಿಲಿಂಡರುಗಳನ್ನು ನಾಶ ಮಾಡಲು ವಿಶೇಷ ಘಟಕ ಬೇಕು, ಎಲ್ಲ ದೇಶಗಳಲ್ಲಿ ಅದಿಲ್ಲ. ಇಂಟರ್‌ಪೋಲ್ ಮತ್ತು ವಿಶ್ವ ಕಸ್ಟಮ್ಸ್ ಸಂಸ್ಥೆ ಪ್ರತಿ ವರ್ಷ 'ಆಪರೇಷನ್ ಥಂಡರ್' ನಡೆಸುತ್ತವೆ. 2024ರ ಕೊನೆಯಲ್ಲಿ 138 ದೇಶಗಳು ಸೇರಿ ನಡೆಸಿದ ಕಾರ್ಯಾಚರಣೆಯಲ್ಲಿ ಜೀವಂತ ಪ್ರಾಣಿಗಳೇ ಹತ್ತಿರ ಹತ್ತಿರ 20,000 ಸಿಕ್ಕವು. ಅಷ್ಟಕ್ಕೂ ಜಾಗ, ಆಹಾರ, ವೈದ್ಯರು ಬೇಕು. ಕಾಡಿಗೆ ಬಿಡೋಣ ಅಂದರೆ ಯಾವ ಕಾಡಿನದ್ದು ಅಂತ ಗೊತ್ತಿರಬೇಕು, ರೋಗ ಇರಬಾರದು. ಹಿಡಿಯುವುದಕ್ಕೆ ಸಿಗುವ ಹಣ, ಹೆಸರು ಈ ಆರೈಕೆಗೆ ಸಿಗುವುದಿಲ್ಲ.

ಕೊನೆಗೆ ಪ್ರವಾಸ ಹೋಗುವವರಿಗೆ ಒಂದು ಮಾತು. ಹವಳದ ಸರ, ಶಂಖ, ಮೊಸಳೆ ಚರ್ಮದ ಪರ್ಸು, ಒಣಗಿಸಿದ ಕಡಲಕುದುರೆ, ಇವನ್ನು ನೆನಪಿಗಾಗಿ ತಂದರೂ ಸೈಟಿಸ್ ನಿಯಮ ಅನ್ವಯಿಸಬಹುದು. ಸ್ವಂತ ಬಳಕೆಗೆ ಕೆಲವು ರಿಯಾಯಿತಿಗಳಿವೆ: ಕ್ವೀನ್ ಕಾಂಕ್ ಶಂಖ ಮೂರರವರೆಗೆ, ಕಡಲಕುದುರೆ ನಾಲ್ಕರವರೆಗೆ, ಕ್ಯಾವಿಯರ್ (ಸ್ಟರ್ಜನ್ ಮೀನಿನ ಮೊಟ್ಟೆ) 125 ಗ್ರಾಂವರೆಗೆ. ಆದರೆ ಎಷ್ಟೋ ದೇಶಗಳ ಸ್ವಂತ ಕಾನೂನು ಇದಕ್ಕಿಂತ ಬಿಗಿ. ಅಂಗಡಿಯವನು ಕೊಡುವ ರಸೀದಿ ಪರ್ಮಿಟ್ ಅಲ್ಲ. ಪರ್ಮಿಟ್ ಕೊಡುವುದು ಆ ದೇಶದ ಸೈಟಿಸ್ ಪ್ರಾಧಿಕಾರ, ಅದೂ ನೀವು ಹೊರಡುವ ಮೊದಲು. ಊರಿಗೆ ಬಂದು ಇಳಿದ ಮೇಲೆ ಮಾಡಿಸಿಕೊಳ್ಳಲು ಬರುವುದಿಲ್ಲ.